ರಕ್ತದಲ್ಲಿಲ್ಲದ ಕಿಣ್ವ, ಡಾಕ್ಟರಿಗೆ ಹೇಳಲೇಬೇಕಾದ ಮಾತು

ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಾಗಲಿ, ಸಿರುಗುಪ್ಪ, ಕುರುಗೋಡಿನಲ್ಲಾಗಲಿ, ಆರ್ಯವೈಶ್ಯರ ಮನೆಯವರೊಬ್ಬರು ಆಪರೇಷನ್‌ಗೆಂದು ಆಸ್ಪತ್ರೆ ಸೇರಿದರೆ ಅನಸ್ತೇಷಿಯಾ ಡಾಕ್ಟರು ಬಿಪಿ, ಶುಗರ್ ವಿಚಾರಿಸಿದ ಮೇಲೆ ಇನ್ನೊಂದು ಮಾತು ಕೇಳಬೇಕು: "ನಿಮ್ಮ ಮನ್ಯಾಗ ಯಾರಿಗಾದ್ರೂ ಆಪರೇಷನ್ ಆದಮ್ಯಾಲೆ ಉಸಿರು ಬರೋದು ತಡ ಆಗಿತ್ತೇನ್ರಿ?" ಅವರು ಕೇಳದಿದ್ದರೆ ಮನೆಯವರೇ ಹೇಳಬೇಕು. ಯಾಕೆ ಎಂಬುದನ್ನು ತಿಳಿಯಲು ವಿಜ್ಞಾನಿಗಳಿಗೆ ಅರ್ಧ ಶತಮಾನ ಹಿಡಿಯಿತು.

ಪ್ರಶ್ನೆ ಹುಟ್ಟಿದ್ದು ಒಂದು ಔಷಧದಿಂದ. ಹೆಸರು ಸಕ್ಸಿನೈಲ್‌ಕೋಲಿನ್, ಆಪರೇಷನ್ ಥಿಯೇಟರಿನ ರೂಢಿಯಲ್ಲಿ ಸ್ಕೋಲಿನ್. 1950ರ ದಶಕದ ಆರಂಭದಿಂದ ಬಳಕೆಯಲ್ಲಿದೆ. ಉಸಿರಾಟದ ನಳಿಕೆಯನ್ನು ಗಂಟಲಿಗೆ ತುರ್ತಾಗಿ ಇಳಿಸಬೇಕಾದಾಗ, ಅದರಲ್ಲೂ ಹೊಟ್ಟೆ ಖಾಲಿ ಇಲ್ಲದ ರೋಗಿಗೆ, ಇದನ್ನು ಕೊಡುತ್ತಾರೆ. ಔಷಧ ರಕ್ತನಾಳ ಸೇರಿ ಒಂದು ನಿಮಿಷ ಕಳೆಯುವುದರೊಳಗೆ ರೆಪ್ಪೆ, ಕೆನ್ನೆ, ಎದೆ, ತೊಡೆಯ ಸ್ನಾಯುಗಳು ಸಣ್ಣಗೆ ಅದುರುತ್ತವೆ. ಆಮೇಲೆ ಇಡೀ ಮೈ ಸಡಿಲ. ಉಸಿರಾಟವೂ ನಿಲ್ಲುತ್ತದೆ, ಅಷ್ಟು ಹೊತ್ತು ಡಾಕ್ಟರೇ ಉಸಿರು ಕೊಡುತ್ತಾರೆ. ಐದು, ಹೆಚ್ಚೆಂದರೆ ಹತ್ತು ನಿಮಿಷಕ್ಕೆ ಔಷಧದ ಪ್ರಭಾವ ಇಳಿದು ಸ್ನಾಯುಗಳಿಗೆ ಮತ್ತೆ ಬಲ ಬರುತ್ತದೆ.

ಇಷ್ಟು ಬೇಗ ಇಳಿಯುವುದು ನಮ್ಮ ಯಕೃತ್ತಿನ ಕೃಪೆ. ಯಕೃತ್ತಿನ ಜೀವಕೋಶಗಳು ಬ್ಯುಟಿರಿಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ತಯಾರಿಸಿ ರಕ್ತಕ್ಕೆ ಬಿಡುತ್ತವೆ. ಕೊಟ್ಟ ಔಷಧದ ಬಹುಪಾಲನ್ನು, ಅದು ಸ್ನಾಯುವನ್ನು ಮುಟ್ಟುವ ಮೊದಲೇ, ಈ ಕಿಣ್ವ ಒಡೆದುಹಾಕುತ್ತದೆ. ಆದರೆ ಕೆಲವರ ರಕ್ತದಲ್ಲಿ ಈ ಕಿಣ್ವ ಇರುವುದೇ ಇಲ್ಲ. ಅಂಥವರಿಗೆ ಐದು ನಿಮಿಷದ ಔಷಧ ಗಂಟೆಗಟ್ಟಲೆ ಕೆಲಸ ಮಾಡುತ್ತದೆ. ಇನ್ನೂ ಭಯದ ಸಂಗತಿಯೆಂದರೆ, ಸ್ಕೋಲಿನ್ ಸ್ನಾಯುಗಳನ್ನು ಕಟ್ಟಿಹಾಕುತ್ತದೆಯೇ ಹೊರತು ಎಚ್ಚರ ತಪ್ಪಿಸುವುದಿಲ್ಲ. ನಿದ್ದೆಯ ಔಷಧ ಮೊದಲೇ ಇಳಿದುಬಿಟ್ಟರೆ ರೋಗಿಗೆ ಮಾತು ಕೇಳಿಸುತ್ತಿರುತ್ತದೆ, ಆದರೆ ರೆಪ್ಪೆ ಎತ್ತಲೂ ಆಗುವುದಿಲ್ಲ.

ಕೆಲವರಿಗೆ ಮಾತ್ರ ಹೀಗೇಕೆ ಎಂದು ಮೊದಲು ಬೆನ್ನುಹತ್ತಿದವರಲ್ಲಿ ಕೆನಡಾದ ವೆರ್ನರ್ ಕ್ಯಾಲೋ ಮುಖ್ಯರು. 1950ರ ದಶಕದಲ್ಲೇ ಅವರು ಇದು ವಂಶವಾಹಿಯಲ್ಲಿ ಬರುವ ವ್ಯತ್ಯಾಸವೆಂದು ತೋರಿಸಿದರು. ಒಂದೇ ಔಷಧ ಒಬ್ಬೊಬ್ಬರ ಮೈಯಲ್ಲಿ ಒಂದೊಂದು ರೀತಿ ವರ್ತಿಸುವುದಕ್ಕೆ ಜೀನ್ ಕಾರಣವಾಗಬಹುದು ಎಂಬ ವಿಚಾರಕ್ಕೆ ಬುನಾದಿ ಬಿದ್ದದ್ದು ಇಂಥ ಕೆಲಸಗಳಿಂದ. ನಮ್ಮ ಕಡೆಯ ಕಥೆ 1979ರದು. ಆಂಧ್ರಪ್ರದೇಶದ ವೈಶ್ಯರಲ್ಲಿ ಈ ಕಿಣ್ವ ಇಲ್ಲದವರು ಅಸಾಮಾನ್ಯವಾಗಿ ಹೆಚ್ಚು ಎಂಬ ವರದಿ ಆ ವರ್ಷ ಪ್ರಕಟವಾಯಿತು. ಗಡಿಯ ಆಚೆ ಈಚೆ ಹೆಣ್ಣು ಕೊಟ್ಟು ತರುವ ಸಂಬಂಧವಿರುವ ಬಳ್ಳಾರಿ ಸೀಮೆಗೆ ಅದು ಪರರ ಸುದ್ದಿಯಲ್ಲ.

ಕಿಣ್ವ ಇದೆಯೋ ಇಲ್ಲವೋ ಎಂದು ನೋಡುವ ಪರೀಕ್ಷೆ ಸರಳ. ರಕ್ತದ ತಿಳಿಭಾಗಕ್ಕೆ ಕಿಣ್ವ ಒಡೆಯಬಲ್ಲ ಒಂದು ಪದಾರ್ಥವನ್ನೂ, ಒಡೆದ ಚೂರನ್ನು ಕಂಡರೆ ಹಳದಿಯಾಗುವ ಇನ್ನೊಂದು ರಾಸಾಯನಿಕವನ್ನೂ ಬೆರೆಸುತ್ತಾರೆ. ಕಿಣ್ವ ಇದ್ದರೆ ನೋಡನೋಡುತ್ತಿದ್ದಂತೆ ಹಳದಿ ಗಾಢವಾಗುತ್ತ ಹೋಗುತ್ತದೆ. ಇಲ್ಲದಿದ್ದರೆ ಆ ಹಳದಿ ಏರುವುದೇ ಇಲ್ಲ.

ಕಿಣ್ವ ಇಲ್ಲವೆಂದು ಗೊತ್ತಾದರೆ ಸಾಲದು, ಏಕಿಲ್ಲ ಎಂದು ತಿಳಿಯಲು ಜೀನನ್ನೇ ಓದಬೇಕು. ಕೊಯಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾಲಯದ ಆರ್. ಬೂಪತಿ ಮತ್ತು ಅಮೆರಿಕದ ಒಕ್ಸಾನಾ ಲಾಕ್ರಿಜ್ ಅವರಿದ್ದ ತಂಡ ಹಾಗೆ ಓದಿ ಕಂಡದ್ದನ್ನು 2006ರಲ್ಲಿ ಪ್ರಕಟಿಸಿತು. ಮೂರನೆಯ ವರ್ಣತಂತುವಿನಲ್ಲಿರುವ ಈ ಜೀನ್ 574 ಅಮೈನೋ ಆಮ್ಲಗಳ ಸರಪಣಿಯೊಂದನ್ನು ಹೆಣೆಯಲು ಸೂಚನೆ ಕೊಡುತ್ತದೆ. ವೈಶ್ಯರಲ್ಲಿ ಕಂಡ ಬದಲಾವಣೆ ಒಂದೇ ಅಕ್ಷರದ್ದು: ಟಿ ಇರಬೇಕಾದ ಕಡೆ ಸಿ. ಅಷ್ಟರಿಂದಲೇ 307ನೆಯ ಸ್ಥಾನದಲ್ಲಿ ಲ್ಯೂಸಿನ್ ಬದಲು ಪ್ರೋಲಿನ್ ಬಂದು ಕೂರುತ್ತದೆ. ಪ್ರೋಲಿನ್ ಬಿಗಿಯಾದ ಅಣು; ಸರಪಣಿಯನ್ನು ಬೇಡದ ಕಡೆ ಸೊಟ್ಟಗೆ ಬಾಗಿಸುತ್ತದೆ. ಸರಿಯಾಗಿ ಮಡಚಿಕೊಳ್ಳದ ಪ್ರೋಟೀನನ್ನು ಜೀವಕೋಶ ಹೊರಗೆ ಕಳಿಸದೆ ಒಳಗೇ ಚೂರು ಮಾಡುವುದುಂಟು. ಇಂಥ ಅನುಮಾನಗಳನ್ನು ಪರೀಕ್ಷಿಸಲು ಸಂಶೋಧಕರು ಬದಲಾದ ಜೀನನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳಿಗೆ ಸೇರಿಸಿ, ಅವು ಎಷ್ಟು ಕಿಣ್ವ ತಯಾರಿಸುತ್ತವೆ, ಅದು ಎಷ್ಟು ಹೊತ್ತು ಬಾಳುತ್ತದೆ ಎಂದು ಅಳೆಯುತ್ತಾರೆ. ರೋಗಿಯ ಮೈಯಲ್ಲಿ ನಡೆದದ್ದನ್ನು ತಟ್ಟೆಯಲ್ಲಿ ಮತ್ತೆ ನಡೆಸಿ ತೋರಿಸಿದಾಗಲೇ ಜೀನಿನ ಮೇಲಿನ ಅನುಮಾನ ರುಜುವಾತಾಗುವುದು.

ಒಂದು ಸಮುದಾಯದಲ್ಲೇ ಇದು ಇಷ್ಟು ದಟ್ಟವಾಗಿರಲು ಕಾರಣವೇನು? ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಕೇಂದ್ರದ ಕೆ. ತಂಗರಾಜ್, ಲಾಲ್‌ಜಿ ಸಿಂಗ್, ಹಾರ್ವರ್ಡ್‌ನ ಡೇವಿಡ್ ರೈಕ್ ಮೊದಲಾದವರು 2009ರಲ್ಲಿ ಉತ್ತರ ಕೊಟ್ಟರು. ನೂರು ತಲೆಮಾರುಗಳಿಗೂ ಹಿಂದೆ ಕೆಲವೇ ಮಂದಿ ಪೂರ್ವಜರಿಂದ ಕವಲೊಡೆದ ಈ ಗುಂಪು ಅಂದಿನಿಂದ ತನ್ನೊಳಗೇ ಮದುವೆ ಮಾಡಿಕೊಂಡು ಬಂದಿದೆ. ಆ ಕೆಲವರಲ್ಲಿ ಯಾರದೋ ಜೀನಿನಲ್ಲಿದ್ದ ಬದಲಾವಣೆ ಲಕ್ಷಾಂತರ ಜನರಿಗೆ ಹಂಚಿಹೋಗಿದೆ. ಹಾಗಾಗಿ ಈ ಕಿಣ್ವದ ಕೊರತೆ ವೈಶ್ಯರಲ್ಲಿ ಉಳಿದವರಿಗಿಂತ ಸುಮಾರು 100 ಪಟ್ಟು ಹೆಚ್ಚು.

ಸೋದರಮಾವನಿಗೆ, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವುದೇ ಇದಕ್ಕೆಲ್ಲ ಮೂಲ ಎನ್ನುವವರಿದ್ದಾರೆ. ಅದು ಅರ್ಧ ಸತ್ಯ. ಸಂಬಂಧದೊಳಗಿನ ಮದುವೆ ಕಿಣ್ವವಿಲ್ಲದ ಮಗು ಹುಟ್ಟುವ ಸಾಧ್ಯತೆಯನ್ನು ಹೆಚ್ಚಿಸುತ್ತದೆ ನಿಜ. ಆದರೆ ಪರಿಚಯವೇ ಇಲ್ಲದ ಎರಡು ಮನೆಗಳಲ್ಲೂ ಆ ಹಳೆಯ ಪೂರ್ವಜನ ಜೀನ್ ಇರಬಹುದು. ಗೋತ್ರ ನೋಡಿದರೂ ತಪ್ಪದು: ಗೋತ್ರ ತಂದೆಯ ಕಡೆಯಿಂದ ಬರುತ್ತದೆ, ಮೂರನೆಯ ವರ್ಣತಂತು ತಾಯಿಯಿಂದಲೂ ಬರುತ್ತದೆ. ಇದನ್ನು ಒಂದು ಜಾತಿಯ ಕುಂದು ಎಂದು ಬೊಟ್ಟು ಮಾಡುವುದಂತೂ ಅನ್ಯಾಯ. 2017ರಲ್ಲಿ ದಕ್ಷಿಣ ಏಷ್ಯಾದ 263 ಸಮುದಾಯಗಳನ್ನು ಪರಿಶೀಲಿಸಿದಾಗ, ಇಂಥ ಪೂರ್ವಜ ಪ್ರಭಾವಕ್ಕೆ ಹೆಸರಾದ ಫಿನ್‌ಲೆಂಡಿನವರಿಗಿಂತಲೂ ಅದು ಗಾಢವಾಗಿರುವ 81 ಸಮುದಾಯಗಳು ಸಿಕ್ಕವು. ಜಾತಿಯೊಳಗೇ ಮದುವೆಯಾಗುವ ನಮ್ಮಲ್ಲಿ ಅನೇಕರ ಕಥೆಯೂ ಇದೇ.

ಇದು ಕಾಯಿಲೆಯೂ ಅಲ್ಲ. ಕಿಣ್ವ ಒಂದಿಷ್ಟೂ ಇಲ್ಲದ ವೈಶ್ಯರ ಆರೋಗ್ಯವನ್ನು ತಪಾಸಿಸಿದ ಅದೇ ಕೊಯಮತ್ತೂರಿನ ತಂಡ, ಅವರು ಎಲ್ಲರಂತೆ ಆರೋಗ್ಯವಾಗಿದ್ದಾರೆಂದು 2007ರಲ್ಲಿ ವರದಿ ಮಾಡಿತು. ತೊಂದರೆ ಬರುವುದು ಮುಖ್ಯವಾಗಿ ಸ್ಕೋಲಿನ್‌ನಂಥ ಔಷಧ ಮೈ ಸೇರಿದಾಗ.

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ತುಂಗಭದ್ರಾ ಕಾಲುವೆಯ ಭತ್ತ, ಕಪ್ಪು ನೆಲದ ಮೆಣಸಿನಕಾಯಿ, ಹತ್ತಿ. ಎಲ್ಲಕ್ಕೂ ಎಣ್ಣೆ ಹೊಡೆಯುತ್ತಾರೆ. ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕ ಮೈಗೆ ಸೇರಿತೇ ಎಂದು ತಿಳಿಯಲು ಆಸ್ಪತ್ರೆಯವರು ಬರೆದುಕೊಡುವ ಕೋಲಿನೆಸ್ಟರೇಸ್ ಪರೀಕ್ಷೆ ಸಾಮಾನ್ಯವಾಗಿ ಅಳೆಯುವುದು ಇದೇ ಕಿಣ್ವವನ್ನು. ಹುಟ್ಟಿನಿಂದಲೇ ಕಿಣ್ವ ಇಲ್ಲದವರ ವರದಿ ನೋಡಿದರೆ ವಿಷ ಸೇರಿದವರ ವರದಿಯಂತೆಯೇ ಕಾಣುತ್ತದೆ. ಮನೆತನದ ಸಂಗತಿ ತಿಳಿದಿದ್ದರೆ ಡಾಕ್ಟರು ದಾರಿ ತಪ್ಪುವುದಿಲ್ಲ.

ಪರಿಹಾರವೂ ಕೈಯಳತೆಯಲ್ಲೇ ಇದೆ. ಮೊದಲೇ ಗೊತ್ತಿದ್ದರೆ ರೊಕುರೋನಿಯಂ ಎಂಬ ಬೇರೆ ಔಷಧ ಬಳಸುತ್ತಾರೆ. ಅದನ್ನು ಕರಗಿಸಲು ಈ ಕಿಣ್ವ ಬೇಕಿಲ್ಲ. ಗೊತ್ತಿಲ್ಲದೆ ಸ್ಕೋಲಿನ್ ಕೊಟ್ಟಿದ್ದರೂ ವೆಂಟಿಲೇಟರಿನಲ್ಲಿಟ್ಟು, ನಿದ್ದೆಯ ಔಷಧ ಮುಂದುವರಿಸಿ ಕಾದರೆ ರೋಗಿ ಚೇತರಿಸಿಕೊಳ್ಳುತ್ತಾರೆ.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಅಪ್ಪ, ಅಮ್ಮ, ಅಣ್ಣ, ತಂಗಿಯರಲ್ಲಿ ಯಾರಾದರೂ ಆಪರೇಷನ್ ಮುಗಿದ ಮೇಲೂ ಗಂಟೆಗಟ್ಟಲೆ ವೆಂಟಿಲೇಟರಿನಲ್ಲಿ ಉಳಿದಿದ್ದರೆ ಆ ಸಂಗತಿಯನ್ನು ಮುಚ್ಚಿಡಬೇಡಿ. ತಂದೆ ತಾಯಿ ಇಬ್ಬರಲ್ಲೂ ಬದಲಾದ ಜೀನಿನ ಒಂದೊಂದು ಪ್ರತಿ ಇದ್ದರೆ ಪ್ರತಿ ಮಗುವಿಗೂ ಕಿಣ್ವ ಇಲ್ಲದಿರುವ ನಾಲ್ಕರಲ್ಲೊಂದು ಸಾಧ್ಯತೆ ಇರುತ್ತದೆ. ಒಡಹುಟ್ಟಿದವರೆಲ್ಲ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಕಿಣ್ವ ಇಲ್ಲವೆಂದು ಬಂದರೆ "ಸಕ್ಸಿನೈಲ್‌ಕೋಲಿನ್ ಕೊಡಬಾರದು" ಎಂದು ಡಾಕ್ಟರಿಂದ ಬರೆಸಿದ ಚೀಟಿಯನ್ನು ಆಧಾರ್ ಕಾರ್ಡಿನ ಜೊತೆಗೇ ಇಟ್ಟುಕೊಳ್ಳಿ. ತುರ್ತು ಆಪರೇಷನ್ ಹೊತ್ತಿನಲ್ಲಿ ನೀವು ಹೇಳುವ ಸ್ಥಿತಿಯಲ್ಲಿ ಇರದಿರಬಹುದು, ಮನೆಯವರಿಗೂ ಗೊತ್ತಿರಲಿ.