ಕರಗದ ಮಾತ್ರೆಗೊಂದು ಜೊತೆ

ಚಿಂತಾಮಣಿಯ ಮೆಡಿಕಲ್ ಸ್ಟೋರಿನಲ್ಲಾಗಲಿ, ಅಂಬಾಜಿದುರ್ಗ ಹೋಬಳಿಯ ಮನೆಯೊಂದರ ಗೋಡೆಗೂಡಿನಲ್ಲಾಗಲಿ, ಬಿ.ಪಿ. ಮಾತ್ರೆಯ ಸ್ಟ್ರಿಪ್ ತಿರುವಿದರೆ ‘ಹೈಡ್ರೋಕ್ಲೋರೋಥಯಾಜೈಡ್’ ಎಂಬ ಉದ್ದನೆಯ ಹೆಸರು ಸಿಕ್ಕೀತು. ಮೂತ್ರ ಹೆಚ್ಚಿಸಿ ರಕ್ತದೊತ್ತಡ ಇಳಿಸುವ ಹಳೆಯ ಔಷಧಿ. ಆದರೆ ಒಂದು ಲೀಟರ್ ನೀರಿನಲ್ಲಿ ಅದು ಒಂದು ಗ್ರಾಂನಷ್ಟೂ ಕರಗದು. ಕರಗಿದ್ದೂ ಕರುಳಿನ ಪೊರೆಯನ್ನು ಸಲೀಸಾಗಿ ದಾಟದು.

ಇಂಥ ಔಷಧಿಯ ಅಣುವನ್ನು ಮುಟ್ಟದೆಯೇ ಅದರ ಹರಳನ್ನು ಬದಲಿಸುವ ವಿದ್ಯೆ ಕೋಕ್ರಿಸ್ಟಲ್. ಔಷಧಿಯ ಅಣುವಿನ ಪಕ್ಕದಲ್ಲಿ ಚೆನ್ನಾಗಿ ಕರಗುವ ಇನ್ನೊಂದು ಅಣುವನ್ನು ಕೂರಿಸಿ, ಹೈಡ್ರೋಜನ್ ಬಂಧಗಳಿಂದ ಎರಡನ್ನೂ ಒಂದೇ ಹರಳಾಗಿ ಕಟ್ಟುತ್ತಾರೆ. ಬಂಧ ಸಡಿಲವಾದದ್ದು, ನೀರು ಸೋಕಿದರೆ ಬಿಡುತ್ತದೆ. ಜರ್ಮನಿಯ ಫ್ರೆಡ್ರಿಕ್ ವೋಲರ್ 1844ರಲ್ಲೇ ಇಂಥದೊಂದು ಹರಳನ್ನು ಮಾಡಿದ್ದರು. ಔಷಧಿಯವರ ಕಣ್ಣು ಅದರ ಮೇಲೆ ಬೀಳಲು ಒಂದೂವರೆ ಶತಮಾನ ಹಿಡಿಯಿತು.

ಕರ್ನಾಟಕದಲ್ಲಿ ಈ ಕೆಲಸದ ದೊಡ್ಡ ಹೆಸರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಗೌತಮ್ ದೇಸಿರಾಜು. ಹರಳುಗಳನ್ನು ಬೇಕಾದಂತೆ ಯೋಜಿಸಿ ಕಟ್ಟುವ ಬಗ್ಗೆ 1989ರಲ್ಲೇ ಪುಸ್ತಕ ಬರೆದವರು. ಅವರೂ ಸಹೋದ್ಯೋಗಿಗಳೂ ಹೈಡ್ರೋಕ್ಲೋರೋಥಯಾಜೈಡ್‌ಗೆ ನಿಕೋಟಿನಮೈಡ್, ನಿಕೋಟಿನಿಕ್ ಆಮ್ಲ ಮುಂತಾದ ಜೊತೆಗಳನ್ನು ಹುಡುಕಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೊದಲೆರಡೂ ಬಿ3 ಜೀವಸತ್ವದ ರೂಪಗಳೇ. ಕರಗುವುದರ ಜೊತೆಗೆ ಪೊರೆ ದಾಟುವುದನ್ನೂ ಅಳೆದದ್ದು ಈ ಅಧ್ಯಯನದ ಹೆಚ್ಚುಗಾರಿಕೆ.

ಪ್ರಯೋಗದ ಮೊದಲ ಹೆಜ್ಜೆ ನೋಡಿದರೆ ಪಂಡಿತರ ಮನೆಯ ಮದ್ದು ಅರೆಯುವ ಕಲ್ವದ ನೆನಪಾದೀತು. ಪುಟ್ಟ ಒರಳಿಗೆ ಎರಡೂ ಪುಡಿಗಳನ್ನು ಲೆಕ್ಕ ಹಿಡಿದು ಹಾಕಿ, ನಾಲ್ಕಾರು ಹನಿ ದ್ರಾವಕ ಬಿಟ್ಟು ಅರೆಯುತ್ತಾರೆ. ಆಮೇಲೆ ಪುಡಿಯ ಮೇಲೆ ಎಕ್ಸ್-ರೇ. ನಕ್ಷೆಯಲ್ಲಿ ಎರಡು ಪದಾರ್ಥಗಳ ಹಳೆಯ ಶಿಖರಗಳೇ ಕಂಡರೆ ಅದು ಬರೀ ಮಿಶ್ರಣ, ಅರೆದದ್ದು ದಂಡ. ಹೊಸ ಜಾಗದಲ್ಲಿ ಶಿಖರ ಎದ್ದರೆ ಹೊಸ ಹರಳು ಹುಟ್ಟಿರಬಹುದು.

ಅಷ್ಟಕ್ಕೇ ಬೀಗುವಂತಿಲ್ಲ. ಬೇಗ ಕರಗಿದ ಔಷಧಿ ಕೆಲವೊಮ್ಮೆ ಹೊಟ್ಟೆಯಲ್ಲೇ ಮತ್ತೆ ಹಳೆಯ ಹರಳಾಗಿ ಕೆಳಗೆ ಕೂರುತ್ತದೆ. ಜೊತೆಗಾರ ತಿನ್ನಲು ಯೋಗ್ಯವೇ ಎಂಬುದು ಇನ್ನೊಂದು ಪ್ರಶ್ನೆ. ಹೈದರಾಬಾದ್ ವಿಶ್ವವಿದ್ಯಾಲಯದ ಅಶ್ವಿನಿ ನಂಗಿಯಾ ತಂಡ 2011ರಲ್ಲಿ ಅರಿಸಿನದ ಕರ್ಕ್ಯುಮಿನ್ ಅನ್ನು ಪೈರೋಗ್ಯಾಲಾಲ್ ಜೊತೆ ಕಟ್ಟಿದಾಗ, ಆಲ್ಕೋಹಾಲ್ ಬೆರೆತ ನೀರಿನಲ್ಲಿ ಅದು ಸುಮಾರು 12 ಪಟ್ಟು ಬೇಗ ಕರಗಿತು. ಸೊಗಸಾದ ರಸಾಯನಶಾಸ್ತ್ರ, ಸರಿ. ಆದರೆ ಪೈರೋಗ್ಯಾಲಾಲ್ ವಿಷ. ಅದನ್ನು ಮಾತ್ರೆಗೆ ಹಾಕುವಂತಿಲ್ಲ.

ಪ್ರಯೋಗಾಲಯ ದಾಟಿ ಅಂಗಡಿಗೆ ಬಂದವು ಬೆರಳೆಣಿಕೆಯಷ್ಟು. ಅವುಗಳಲ್ಲೊಂದು ಸಕ್ಕರೆ ಕಾಯಿಲೆಯ ಎರ್ಟುಗ್ಲಿಫ್ಲೋಜಿನ್. 2017ರಲ್ಲಿ ಅಮೆರಿಕ ಒಪ್ಪಿದ ಆ ಮಾತ್ರೆಯಲ್ಲಿ ಔಷಧಿಗೆ ಜೊತೆಯಾಗಿರುವುದು ಪೈರೋಗ್ಲುಟಾಮಿಕ್ ಆಮ್ಲ, ನಮ್ಮ ದೇಹದಲ್ಲೂ ಇರುವ ಪದಾರ್ಥ.