ಯಕೃತ್ತನ್ನು ಸುಡುವುದು ವೈರಾಣುವೋ, ದೇಹದ ಕಾವಲು ಪಡೆಯೋ?

ರಕ್ತದಾನ ಶಿಬಿರದಲ್ಲಿ ರಕ್ತ ಕೊಟ್ಟು ಬಂದವರಿಗೆ ಕೆಲವು ದಿನಗಳ ನಂತರ ರಕ್ತನಿಧಿಯಿಂದ ಕರೆ ಬರುತ್ತದೆ. ರಕ್ತದಲ್ಲಿ ಹೆಪಟೈಟಿಸ್ ಬಿ ವೈರಾಣು ಇದೆ, ವೈದ್ಯರನ್ನು ಕಾಣಿ ಎಂಬ ಸೂಚನೆ. ಆ ವ್ಯಕ್ತಿಗೆ ಎಂದೂ ಕಾಮಾಲೆ ಬಂದ ನೆನಪಿಲ್ಲ. ಆಯಾಸವಿಲ್ಲ, ಹೊಟ್ಟೆನೋವಿಲ್ಲ, ಊಟ ನಿದ್ರೆಗಳಿಗೆ ಕೊರತೆಯಿಲ್ಲ. ಕೆಲವೊಮ್ಮೆ ವೈದ್ಯರೂ ಸದ್ಯಕ್ಕೆ ಔಷಧ ಬೇಡ, ಆಗಾಗ ಪರೀಕ್ಷೆ ಮಾಡಿಸಿಕೊಂಡರೆ ಸಾಕು ಎನ್ನುತ್ತಾರೆ. ರಕ್ತದ ಪ್ರತಿ ಹನಿಯಲ್ಲೂ ಅಸಂಖ್ಯ ವೈರಾಣುಗಳಿದ್ದರೂ ಯಕೃತ್ತಿಗೆ ಏನೂ ಆಗದೆ ಉಳಿಯುವುದು ಹೇಗೆ? ಅದೇ ವೈರಾಣು ಮತ್ತೊಬ್ಬರನ್ನು ಕೆಲವೇ ವಾರಗಳಲ್ಲಿ ಹಾಸಿಗೆ ಹಿಡಿಸುವುದೇಕೆ?

ಈ ಒಗಟನ್ನು ಬಿಡಿಸಲು ದಶಕಗಳ ಕಾಲ ಶ್ರಮಿಸಿದವರಲ್ಲಿ ಪ್ರಮುಖರು ಅಮೆರಿಕದ ವೈದ್ಯವಿಜ್ಞಾನಿ ಫ್ರಾನ್ಸಿಸ್ ಕಿಸಾರಿ. ಕ್ಯಾಲಿಫೋರ್ನಿಯಾದ ಲಾ ಹೋಯಾದಲ್ಲಿರುವ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯಲ್ಲಿ ಅವರು ಮತ್ತು ಅವರ ಸಹೋದ್ಯೋಗಿಗಳು ನಡೆಸಿದ ಪ್ರಯೋಗಗಳು ಯಕೃತ್ತಿನ ಉರಿಯೂತದ ಬಗೆಗಿನ ತಿಳಿವಳಿಕೆಯನ್ನೇ ಬದಲಿಸಿದವು.

ಪ್ರಶ್ನೆಯ ಹಿನ್ನೆಲೆ

ಅಮೆರಿಕದ ಬರೂಕ್ ಬ್ಲೂಮ್‌ಬರ್ಗ್ ಅವರು ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಹೊಸ ಪ್ರೋಟೀನೊಂದನ್ನು ಗುರುತಿಸಿದ ವಿವರ 1965ರಲ್ಲಿ ಪ್ರಕಟವಾಯಿತು. ಅದು ಹೆಪಟೈಟಿಸ್ ಬಿ ವೈರಾಣುವಿನ ಹೊರಕವಚದ ಭಾಗವೆಂಬುದು ನಂತರ ಖಚಿತವಾಯಿತು. ಈ ಸಾಧನೆಗಾಗಿ 1976ರಲ್ಲಿ ಬ್ಲೂಮ್‌ಬರ್ಗ್ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು. ಅವರ ಜನ್ಮದಿನವಾದ ಜುಲೈ 28 ಇಂದು ವಿಶ್ವ ಹೆಪಟೈಟಿಸ್ ದಿನ.

ವೈರಾಣು ಪತ್ತೆಯಾಯಿತು, ರಕ್ತಪರೀಕ್ಷೆ ಬಂತು, ಲಸಿಕೆಯೂ ಬಂತು. ಆದರೆ ಕಾಯಿಲೆ ಹೇಗೆ ಉಂಟಾಗುತ್ತದೆ ಎಂಬುದು ಮಾತ್ರ ಸ್ಪಷ್ಟವಾಗಲಿಲ್ಲ. ಈ ವೈರಾಣು ಸಹಜವಾಗಿ ಸೋಂಕುವುದು ಮನುಷ್ಯ ಮತ್ತು ಚಿಂಪಾಂಜಿಯಂತಹ ಕೆಲವೇ ಪ್ರಾಣಿಗಳಿಗೆ. ಪ್ರಯೋಗಾಲಯದ ಇಲಿಗೆ ಅದು ಅಂಟುವುದಿಲ್ಲ. ಹೀಗಾಗಿ ಪರೀಕ್ಷಿಸಲು ಸೂಕ್ತ ಪ್ರಾಣಿಯೇ ಇರಲಿಲ್ಲ.

ಇಲಿಯೊಳಗೆ ವೈರಾಣುವಿನ ಜೀನ್

ಕಿಸಾರಿ ಅವರು ಈ ಅಡ್ಡಿಯನ್ನು ದಾಟಲು ಹೊಸ ಹಾದಿ ಹಿಡಿದರು. ತಳಿವಿಜ್ಞಾನಿಗಳಾದ ರಿಚರ್ಡ್ ಪಾಮಿಟರ್ ಹಾಗೂ ರಾಲ್ಫ್ ಬ್ರಿನ್‌ಸ್ಟರ್ ಮೊದಲಾದವರ ಜೊತೆಗೂಡಿ ವೈರಾಣುವಿನ ಹೊರಕವಚದ ಜೀನ್ ಅನ್ನು ಇಲಿಯ ವಂಶವಾಹಿಯಲ್ಲೇ ಸೇರಿಸಿದರು. ಈ ಕುಲಾಂತರಿ ಇಲಿಗಳ ವಿವರ 1985ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಇಲಿಗಳ ದೇಹ ವೈರಾಣುವಿನ ಪ್ರೋಟೀನನ್ನು ಹುಟ್ಟಿನಿಂದಲೇ ತಯಾರಿಸುತ್ತಿತ್ತು. ಆದರೂ ಅವುಗಳ ಯಕೃತ್ತಿಗೆ ಹಾನಿಯಾಗಿರಲಿಲ್ಲ. ಹುಟ್ಟಿನಿಂದ ಇದ್ದುದರಿಂದ ಆ ಪ್ರೋಟೀನನ್ನು ಇಲಿಯ ರೋಗನಿರೋಧಕ ವ್ಯವಸ್ಥೆ ತನ್ನದೇ ಎಂದು ಭಾವಿಸಿ ಸುಮ್ಮನಿತ್ತು.

ನಂತರದ ಹೆಜ್ಜೆ ನಿರ್ಣಾಯಕವಾದುದು. ಸಾಮಾನ್ಯ ಇಲಿಗಳಲ್ಲಿ ಈ ಪ್ರೋಟೀನಿನ ವಿರುದ್ಧ ಟಿ ಕೋಶಗಳನ್ನು ಸಜ್ಜುಗೊಳಿಸಿ, ಅವನ್ನು ಕುಲಾಂತರಿ ಇಲಿಗಳಿಗೆ ಚುಚ್ಚಲಾಯಿತು. ಅಲ್ಲಿಯವರೆಗೆ ಆರೋಗ್ಯವಾಗಿದ್ದ ಯಕೃತ್ತಿನಲ್ಲಿ ಉರಿಯೂತ ಕಾಣಿಸಿಕೊಂಡಿತು. ವೈರಾಣುವಿನ ಪ್ರೋಟೀನ್ ಮೊದಲಿನಿಂದಲೂ ಅಲ್ಲೇ ಇತ್ತು. ಹೊಸದಾಗಿ ಬಂದದ್ದು ಟಿ ಕೋಶಗಳು ಮಾತ್ರ. ಅಂದರೆ ಯಕೃತ್ತನ್ನು ಸುಟ್ಟದ್ದು ವೈರಾಣುವಲ್ಲ, ಅದನ್ನು ಬೇಟೆಯಾಡಲು ಬಂದ ದೇಹದ ಕಾವಲು ಪಡೆ. ಇಲಿ ಹೆಚ್ಚಾಯಿತೆಂದು ಮನೆಗೆ ಬೆಂಕಿ ಇಟ್ಟರಂತೆ ಎಂಬ ನಮ್ಮ ಗಾದೆಗೆ ಇದಕ್ಕಿಂತ ತಕ್ಕ ನಿದರ್ಶನ ಸಿಗಲಾರದು.

ಟಿ ಕೋಶಗಳ ಕೆಲಸವೇನು?

ಟಿ ಕೋಶಗಳು ಬಿಳಿ ರಕ್ತಕಣಗಳ ಒಂದು ಬಗೆ. ಪ್ರತಿಕಾಯಗಳು ರಕ್ತದಲ್ಲಿ ತೇಲುವ ವೈರಾಣುವನ್ನು ಹಿಡಿಯಬಲ್ಲವು, ಜೀವಕೋಶದ ಒಳಹೊಕ್ಕ ವೈರಾಣುವನ್ನು ಹಿಡಿಯಲಾರವು. ಅಲ್ಲಿ ಟಿ ಕೋಶಗಳ ಸರದಿ. ಪ್ರತಿ ಜೀವಕೋಶವೂ ತನ್ನೊಳಗೆ ತಯಾರಾಗುವ ಪ್ರೋಟೀನುಗಳ ತುಣುಕುಗಳನ್ನು ಹೊರಮೈಯಲ್ಲಿ ಪ್ರದರ್ಶಿಸುತ್ತಿರುತ್ತದೆ. ಅವುಗಳಲ್ಲಿ ಅಪರಿಚಿತ ತುಣುಕು ಕಂಡರೆ ಸಿಡಿ8 ಎಂಬ ಗುರುತುಳ್ಳ ಟಿ ಕೋಶಗಳು ಆ ಜೀವಕೋಶವನ್ನು ಕೊಲ್ಲುತ್ತವೆ.

ಆದರೆ ಇಲ್ಲೊಂದು ತೊಡಕಿದೆ. ತೀವ್ರ ಸೋಂಕಿನಲ್ಲಿ ಯಕೃತ್ತಿನ ಬಹುತೇಕ ಎಲ್ಲ ಜೀವಕೋಶಗಳಿಗೂ ವೈರಾಣು ಹರಡಬಹುದು. ಅವೆಲ್ಲವನ್ನೂ ಕೊಂದರೆ ಮನುಷ್ಯ ಉಳಿಯುವುದಿಲ್ಲ. ವಾಸ್ತವದಲ್ಲಿ ಸೋಂಕು ತಗುಲಿದ ವಯಸ್ಕರಲ್ಲಿ ಶೇ 95ಕ್ಕೂ ಹೆಚ್ಚು ಮಂದಿ ಚೇತರಿಸಿಕೊಳ್ಳುತ್ತಾರೆ. ಇದು ಹೇಗೆ ಸಾಧ್ಯ?

ಕೊಲ್ಲದೆ ಗೆಲ್ಲುವ ಬಗೆ

ಇದಕ್ಕೆ ಉತ್ತರ ದೊರೆತದ್ದು 1996ರಲ್ಲಿ. ಕಿಸಾರಿ ಅವರ ಪ್ರಯೋಗಾಲಯದಲ್ಲಿದ್ದ ಇಟಲಿಯ ಲೂಕಾ ಗ್ವಿಡೊಟ್ಟಿ ಮತ್ತು ಸಂಗಡಿಗರು, ಇಡೀ ವೈರಾಣುವನ್ನೇ ಉತ್ಪಾದಿಸುವ ಕುಲಾಂತರಿ ಇಲಿಗಳಿಗೆ ಟಿ ಕೋಶಗಳನ್ನು ನೀಡಿದರು. ಯಕೃತ್ತಿನ ಅಲ್ಪಭಾಗದ ಜೀವಕೋಶಗಳು ಮಾತ್ರ ಸತ್ತವು, ಆದರೆ ವೈರಾಣುವಿನ ಉತ್ಪಾದನೆ ಯಕೃತ್ತಿನುದ್ದಕ್ಕೂ ನಿಂತುಹೋಯಿತು. ಟಿ ಕೋಶಗಳು ಸುರಿಸುವ ಇಂಟರ್‌ಫೆರಾನ್ ಗಾಮಾ ಮತ್ತು ಟಿಎನ್ಎಫ್ ಆಲ್ಫಾ ಎಂಬ ರಾಸಾಯನಿಕ ಸಂದೇಶಗಳು ನೆರೆಯ ಜೀವಕೋಶಗಳನ್ನು ತಲುಪಿ, ಅವುಗಳೊಳಗಿನ ವೈರಾಣುವನ್ನು ಅಳಿಸಿಹಾಕಿದ್ದವು. ಜೀವಕೋಶವನ್ನು ಕೊಲ್ಲದೆಯೇ ರೋಗವನ್ನು ಗೆಲ್ಲುವ ಮಾರ್ಗವೊಂದು ದೇಹದಲ್ಲಿಯೇ ಇತ್ತು.

ಇಲಿಗಳಲ್ಲಿ ಕಂಡದ್ದು ಸಹಜ ಸೋಂಕಿನಲ್ಲೂ ನಿಜವೇ ಎಂಬ ಸಂಶಯಕ್ಕೆ 1999ರಲ್ಲಿ ಚಿಂಪಾಂಜಿಗಳ ಅಧ್ಯಯನ ಉತ್ತರಿಸಿತು. ಯಕೃತ್ತಿಗೆ ಹೆಚ್ಚಿನ ಹಾನಿಯಾಗುವ ಮೊದಲೇ ಅಲ್ಲಿಂದ ವೈರಾಣುವಿನ ಬಹುಪಾಲು ಡಿಎನ್ಎ ಮಾಯವಾಗಿತ್ತು. 2003ರಲ್ಲಿ ಸಿಡಿ8 ಟಿ ಕೋಶಗಳನ್ನು ತಾತ್ಕಾಲಿಕವಾಗಿ ತೆಗೆದುಹಾಕಿ ನೋಡಿದಾಗ, ಆ ಕೋಶಗಳು ಮರಳಿ ಬರುವವರೆಗೂ ವೈರಾಣು ತೊಲಗಲಿಲ್ಲ, ಕಾಯಿಲೆಯೂ ತಲೆದೋರಲಿಲ್ಲ. ರೋಗ ಮತ್ತು ಗುಣ ಎರಡಕ್ಕೂ ಕಾರಣ ಒಂದೇ ಎಂಬುದು ಸಾಬೀತಾಯಿತು. ಇಂತಹ ಪ್ರಯೋಗಗಳ ನೈತಿಕತೆಯ ಬಗ್ಗೆ ದೀರ್ಘ ಚರ್ಚೆ ನಡೆದು, ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು ಚಿಂಪಾಂಜಿಗಳ ಮೇಲಿನ ತನ್ನ ಸಂಶೋಧನೆಯನ್ನು 2015ರಲ್ಲಿ ಕೊನೆಗೊಳಿಸಿತು.

ಸೋತ ಪಡೆಯ ಅಪಾಯ

ಎಲ್ಲರಲ್ಲೂ ಈ ಗೆಲುವು ದಕ್ಕುವುದಿಲ್ಲ. ಹೆರಿಗೆಯ ವೇಳೆ ತಾಯಿಯಿಂದ ಸೋಂಕು ಪಡೆಯುವ ಶಿಶುಗಳಲ್ಲಿ, ಲಸಿಕೆ ಸಿಗದಿದ್ದರೆ, ಸೋಂಕು ಶಾಶ್ವತವಾಗಿ ಉಳಿಯುವ ಸಾಧ್ಯತೆ ಸುಮಾರು ಶೇ 90. ಇಟಲಿಯ ಪಾರ್ಮಾದ ಸಂಶೋಧಕರೊಂದಿಗೆ ಕಿಸಾರಿ ತಂಡ ರೋಗಿಗಳ ರಕ್ತವನ್ನು ಪರೀಕ್ಷಿಸಿದಾಗ, ತೀವ್ರ ಸೋಂಕಿನಿಂದ ಚೇತರಿಸಿಕೊಳ್ಳುವವರಲ್ಲಿ ಟಿ ಕೋಶಗಳ ದಾಳಿ ಪ್ರಬಲವಾಗಿಯೂ, ದೀರ್ಘಕಾಲಿಕ ಸೋಂಕಿತರಲ್ಲಿ ಅತಿ ದುರ್ಬಲವಾಗಿಯೂ ಕಂಡುಬಂತು. ವೈರಾಣುವನ್ನು ಓಡಿಸಲಾರದ, ಆದರೆ ಕದನವನ್ನೂ ನಿಲ್ಲಿಸದ ಇಂತಹ ದುರ್ಬಲ ದಾಳಿಯೇ ಹೆಚ್ಚು ಅಪಾಯಕಾರಿ. ವರ್ಷಗಟ್ಟಲೆ ಜೀವಕೋಶಗಳು ಸಾಯುತ್ತ, ಹೊಸವು ಹುಟ್ಟುತ್ತ ಸಾಗಿದಂತೆ ಯಕೃತ್ತು ಗಟ್ಟಿಯಾಗಿ ಸಿರೋಸಿಸ್ ಬರಬಹುದು, ಕ್ಯಾನ್ಸರ್ ತಲೆಯೆತ್ತಬಹುದು. ಇಂತಹ ನಿರಂತರ ಉರಿಯೂತವೊಂದೇ ಕ್ಯಾನ್ಸರಿಗೆ ಸಾಕು ಎಂಬುದನ್ನು ಈ ಪ್ರಯೋಗಾಲಯ 1998ರಲ್ಲಿ ಇಲಿಗಳಲ್ಲಿ ತೋರಿಸಿತು.

ಮತ್ತೊಂದು ಶೋಧ ಇನ್ನಷ್ಟು ಎಚ್ಚರ ಹೇಳುತ್ತದೆ. ಗುಣಮುಖರಾದವರ ದೇಹದಲ್ಲೂ ದಶಕಗಳ ನಂತರ ವೈರಾಣುವಿನ ಲವಲೇಶ ಉಳಿದಿರುತ್ತದೆ, ಟಿ ಕೋಶಗಳು ಅದನ್ನು ಹದ್ದುಬಸ್ತಿನಲ್ಲಿ ಇಟ್ಟಿರುತ್ತವೆ ಎಂದು ಬಾರ್ಬರಾ ರೆಹರ್ಮನ್ ಅವರೊಂದಿಗೆ ಕಿಸಾರಿ ತಂಡ 1996ರಲ್ಲಿ ವರದಿ ಮಾಡಿತು. ಕ್ಯಾನ್ಸರ್ ಚಿಕಿತ್ಸೆಯಿಂದ ರೋಗನಿರೋಧಕ ಶಕ್ತಿ ಕುಗ್ಗಿದಾಗ ಹಳೆಯ ಸೋಂಕು ಮರುಕಳಿಸಬಹುದು. ಆದ್ದರಿಂದಲೇ ಕಿಮೊಥೆರಪಿಗೆ ಮುನ್ನ ವೈದ್ಯರು ಹೆಪಟೈಟಿಸ್ ಬಿ ಪರೀಕ್ಷೆ ಬರೆಯುತ್ತಾರೆ.

ಹೆಪಟೈಟಿಸ್ ಸಿ ಕಥೆ ಬೇರೆ

1989ರಲ್ಲಿ ಗುರುತಿಸಲಾದ ಹೆಪಟೈಟಿಸ್ ಸಿ ವೈರಾಣು ಮತ್ತೊಂದು ತಂತ್ರ ಹೂಡುತ್ತದೆ. ಅದು ಪದೇ ಪದೇ ರೂಪ ಬದಲಿಸಿ ಟಿ ಕೋಶಗಳ ಕಣ್ಣು ತಪ್ಪಿಸುತ್ತದೆ. 2005ರಲ್ಲಿ ಅದನ್ನು ಪ್ರಯೋಗಾಲಯದ ಜೀವಕೋಶಗಳಲ್ಲಿ ಬೆಳೆಸಲು ಯಶಸ್ವಿಯಾದ ತಂಡಗಳಲ್ಲಿ ಕಿಸಾರಿ ಅವರದೂ ಒಂದು. ಇಂದು ಹೆಪಟೈಟಿಸ್ ಸಿ ಸೋಂಕಿತರಲ್ಲಿ ಶೇ 95ಕ್ಕೂ ಹೆಚ್ಚು ಮಂದಿಯನ್ನು ಸಾಮಾನ್ಯವಾಗಿ 12 ವಾರಗಳ ಮಾತ್ರೆಗಳು ಗುಣಪಡಿಸುತ್ತವೆ. ಆದರೆ ಲಸಿಕೆ ಇನ್ನೂ ಇಲ್ಲ. ಹೆಪಟೈಟಿಸ್ ಬಿಯದು ಇದಕ್ಕೆ ವಿರುದ್ಧ ಸ್ಥಿತಿ: ಉತ್ತಮ ಲಸಿಕೆ ಇದೆ, ಪೂರ್ಣ ಗುಣಪಡಿಸುವ ಮದ್ದಿಲ್ಲ. ಟೆನೊಫೊವಿರ್, ಎಂಟೆಕಾವಿರ್‌ನಂತಹ ಮಾತ್ರೆಗಳು ವೈರಾಣುವನ್ನು ಅದುಮಿಡುತ್ತವೆ, ಬೇರುಸಹಿತ ಕೀಳುವುದಿಲ್ಲ. ಬಳಲಿದ ಟಿ ಕೋಶಗಳನ್ನು ಮತ್ತೆ ಹುರಿದುಂಬಿಸುವ ಚಿಕಿತ್ಸೆಗಾಗಿ ಹುಡುಕಾಟ ನಡೆದಿರುವುದು ಇದೇ ಕಾರಣಕ್ಕೆ.

ನಮಗೇನು ಪಾಠ?

ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯ ಪ್ರಕಾರ 2022ರಲ್ಲಿ ಭಾರತದಲ್ಲಿ ಸುಮಾರು 2.98 ಕೋಟಿ ಮಂದಿ ಹೆಪಟೈಟಿಸ್ ಬಿ ಹಾಗೂ 55 ಲಕ್ಷ ಮಂದಿ ಹೆಪಟೈಟಿಸ್ ಸಿ ಸೋಂಕಿನೊಂದಿಗೆ ಬದುಕುತ್ತಿದ್ದರು. ಕಾಮಾಲೆಯೆಂದರೆ ನಾಟಿ ಔಷಧವೇ ಸಾಕು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ನೀರಿನಿಂದ ಹರಡುವ ಹೆಪಟೈಟಿಸ್ ಎ ಮತ್ತು ಇ ಬಹುಮಟ್ಟಿಗೆ ತಾವಾಗಿಯೇ ಇಳಿಯುವುದರಿಂದ ಆ ಶ್ರೇಯ ಔಷಧಕ್ಕೆ ಸಲ್ಲುತ್ತದೆ. ಬಿ ಮತ್ತು ಸಿ ಹಾಗಲ್ಲ. ಕಣ್ಣಿನ ಹಳದಿ ಇಳಿದರೂ ಒಳಗಿನ ಕದನ ಮುಂದುವರಿದಿರಬಹುದು. ಕಾಮಾಲೆ ಬರದಿದ್ದರೂ ಅಷ್ಟೆ.

ಆದ್ದರಿಂದ ಸೋಂಕು ಪತ್ತೆಯಾದವರು ಆರೋಗ್ಯವಾಗಿದ್ದೇನೆಂದು ತಪಾಸಣೆ ಬಿಡಬಾರದು. ಯಕೃತ್ತಿನ ಕಿಣ್ವಗಳ ಮಟ್ಟ, ವೈರಾಣುವಿನ ಪ್ರಮಾಣ ಇವೆರಡನ್ನೂ ವೈದ್ಯರು ನಿಯಮಿತವಾಗಿ ಅಳೆಯುವುದು ಕಾವಲು ಪಡೆಯ ಕದನ ಯಾವ ಹಂತದಲ್ಲಿದೆ ಎಂದು ತಿಳಿಯಲಿಕ್ಕೇ. ಔಷಧ ಆರಂಭಿಸುವ ಮಾನದಂಡಗಳನ್ನು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಸಡಿಲಿಸಿದೆ. ಹಿಂದೆ ಔಷಧ ಬೇಡವೆನಿಸಿಕೊಂಡವರು ಮತ್ತೊಮ್ಮೆ ವಿಚಾರಿಸುವುದು ಒಳಿತು. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ ಹಾಗೂ ಔಷಧ ಉಚಿತ. ಮನೆಮಂದಿಯೂ ಪರೀಕ್ಷಿಸಿಕೊಂಡು ಲಸಿಕೆ ಪಡೆಯಬೇಕು. ಒಟ್ಟಿಗೆ ಉಣ್ಣುವುದರಿಂದ, ಕೈ ಕುಲುಕುವುದರಿಂದ ಈ ಸೋಂಕು ಹರಡದು. ಸೋಂಕಿತರನ್ನು ದೂರವಿಡಲು ಯಾವ ಕಾರಣವೂ ಇಲ್ಲ.

ನವಜಾತ ಶಿಶುವಿಗೆ ಹುಟ್ಟಿದ 24 ಗಂಟೆಯೊಳಗೆ ಕೊಡುವ ಒಂದು ಚುಚ್ಚುಮದ್ದು ಈ ಕದನವೇ ನಡೆಯದಂತೆ ತಡೆಯಬಲ್ಲದು. ಹೆರಿಗೆ ವಾರ್ಡಿನಲ್ಲಿ ಆ ಲಸಿಕೆಯನ್ನು ಕೇಳಿ ಪಡೆಯುವುದು ಪ್ರತಿ ತಂದೆತಾಯಿಯ ಹಕ್ಕು, ಹೊಣೆಯೂ ಹೌದು.