ಪಕ್ಕದಲ್ಲಿ ಸದಾ ಗೊಣಗುವವರಿದ್ದರೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಹಲವರು ಇನ್ನೆರಡು ವರ್ಷಗಳಲ್ಲಿ ಐಟಿಐ ಅಥವಾ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಹೋಗುವವರು. ನಿಮ್ಮ ಸೀಮೆಯ ನೆಲದಡಿ ಸುಣ್ಣದಕಲ್ಲಿದೆ. ಅದರಿಂದಲೇ ಶಹಾಬಾದಿನ ಫರಶಿ, ಅದರಿಂದಲೇ ಸಿಮೆಂಟ್. ವಾಡಿಯಲ್ಲಿ ಎಸಿಸಿ ಕಾರ್ಖಾನೆ ಶುರುವಾದದ್ದು 1968ರಲ್ಲಿ. ಇಂಥ ಒಂದು ಕಾರ್ಖಾನೆಗೆ ನೀವು ಸೇರಿದಿರಿ ಎಂದಿಟ್ಟುಕೊಳ್ಳಿ. ಮೊದಲ ವಾರದಲ್ಲೇ ಹಿರಿಯರೊಬ್ಬರು ಸಿಗುತ್ತಾರೆ: "ಇಲ್ಲಿ ಏನ್ ಮಾಡಿದ್ರೂ ಅಷ್ಟೇ ತಮ್ಮಾ, ನೀ ಸುಮ್ನ ಬಂದಿ."

ಮರುದಿನ ಅದೇ ಮಾತು. ತಿಂಗಳು ಕಳೆಯುವಷ್ಟರಲ್ಲಿ ನೀವೂ ಮನೆಯಲ್ಲಿ ಹಾಗೇ ಮಾತಾಡತೊಡಗುತ್ತೀರಿ. ಇದು ನಿಮ್ಮ ದೌರ್ಬಲ್ಯವಲ್ಲ. ಮನೋಭಾವ ಒಬ್ಬರಿಂದೊಬ್ಬರಿಗೆ ಹರಡುತ್ತದೆ. ಅಮೆರಿಕದ ಸಿಗಲ್ ಬಾರ್ಸೇಡ್ ಎಂಬ ಸಂಶೋಧಕಿ 2002ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ವಿದ್ಯಾರ್ಥಿಗಳ ಗುಂಪುಗಳಿಗೆ ಬೋನಸ್ ಹಣ ಹಂಚುವ ಚರ್ಚೆ ಕೊಡಲಾಗಿತ್ತು. ಪ್ರತಿ ಗುಂಪಿನಲ್ಲೂ ತರಬೇತಾದ ಒಬ್ಬ ನಟ ಸೇರಿಕೊಂಡಿದ್ದ. ಅವನ ಮುಖಭಾವ, ಧ್ವನಿ ಹೇಗೋ ಗುಂಪಿನ ಮನಸ್ಸೂ ಹಾಗೆ. ಉಲ್ಲಾಸ ಹರಡಿದ ಗುಂಪುಗಳಲ್ಲಿ ಸಹಕಾರ ಹೆಚ್ಚು, ಜಗಳ ಕಡಿಮೆ. ಕೆಟ್ಟದ್ದು ಒಳ್ಳೆಯದಕ್ಕಿಂತ ಆಳವಾಗಿ ನಾಟುತ್ತದೆ ಎಂಬುದನ್ನು ರಾಯ್ ಬಾಮೈಸ್ಟರ್ ಮತ್ತು ಸಂಗಡಿಗರು 2001ರಲ್ಲಿ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ತೋರಿಸಿದ್ದರು.

ಹಾಗಾದರೆ ಅಂಥವರಿಂದ ದೂರವಿರಬೇಕೆ? ಸಾಮಾನ್ಯವಾಗಿ ಸಿಗುವ ಸಲಹೆ ಅದೇ. ನನಗೆ ಅದು ಒಪ್ಪಿಗೆಯಿಲ್ಲ.

ಬಹಳ ಹಿಂದೆ ನಮ್ಮ ಚಿತ್ರೀಕರಣ ತಂಡದಲ್ಲಿ ಎಲ್ಲದಕ್ಕೂ ಕೊಂಕು ತೆಗೆಯುವ ಗೆಳೆಯರೊಬ್ಬರಿದ್ದರು. ಒಂದು ದಿನ "ಆ ದೀಪದ ವೈರು ಬಿಸಿಯಾಗಿದೆ, ಏನೋ ಆಗುತ್ತೆ ನೋಡಿ" ಎಂದರು. ದಿನವೂ ಹೇಳುವುದೇ ಅಲ್ಲವೇ ಎಂದು ನಕ್ಕೆವು. ಅರ್ಧ ಗಂಟೆಯಲ್ಲಿ ವೈರು ಸುಟ್ಟಿತು. ಯಾರಿಗೂ ಗಾಯವಾಗಲಿಲ್ಲ, ಅಷ್ಟೇ. ವಿಜ್ಞಾನ ಓದಿದ ನಾನು ಮುಟ್ಟಿ ನೋಡುವ ಕೆಲಸವನ್ನೂ ಮಾಡಿರಲಿಲ್ಲ.

ಸಿಮೆಂಟ್ ಕಾರ್ಖಾನೆಯಲ್ಲಿ ಇಂಥ ತಪ್ಪಿನ ಬೆಲೆ ದೊಡ್ಡದು. ಅಲ್ಲಿನ ಕಿಲ್ನ್, ಅಂದರೆ ತಿರುಗುವ ಉದ್ದನೆಯ ಕುಲುಮೆ, ಹಗಲೂ ರಾತ್ರಿ ಉರಿಯುತ್ತದೆ. ಒಳಗಿನ ಕಲ್ಲು-ಮಣ್ಣಿನ ಪುಡಿ ಸುಮಾರು 1450 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಪಾಳಿ ಬದಲಾಗುವಾಗ ಹಿಂದಿನವರು ಹೇಳಿದ ಮಾತೇ ಮುಂದಿನವರಿಗೆ ಮೊದಲ ಸುದ್ದಿ. ಹೇಳುವವರು ಸಿಡುಕರು ಎಂದು ಕಿವಿ ಮುಚ್ಚಿಕೊಂಡರೆ ಸುದ್ದಿಯೂ ಹೋಯಿತು. ದೂರು ಹೇಳುವುದನ್ನು ಕಾನೂನೇ ಹಕ್ಕೆಂದು ಮಾನ್ಯ ಮಾಡಿದ್ದುಂಟು. 1948ರ ಕಾರ್ಖಾನೆ ಕಾಯ್ದೆಗೆ 1987ರಲ್ಲಾದ ತಿದ್ದುಪಡಿಯು, ಅಪಾಯಕಾರಿ ಪ್ರಕ್ರಿಯೆಯ ಕಾರ್ಖಾನೆಗಳ ಕೆಲಸಗಾರರಿಗೆ ಜೀವಕ್ಕೆ ಕುತ್ತು ಬರುವ ಸಂಶಯವಿದ್ದರೆ ಅದನ್ನು ಆಡಳಿತದ ಗಮನಕ್ಕೂ ಇನ್‌ಸ್ಪೆಕ್ಟರರ ಗಮನಕ್ಕೂ ತರುವ ಹಕ್ಕು ಕೊಟ್ಟಿತು. ಅಂಥ ಉದ್ಯಮಗಳ ಪಟ್ಟಿಯಲ್ಲಿ ಸಿಮೆಂಟೂ ಇತ್ತು.

ಆದ್ದರಿಂದ ಮಾತಿನ ಧಾಟಿ ಬೇರೆ, ಮಾತಿನೊಳಗಿನ ಸಂಗತಿ ಬೇರೆ ಎಂದು ವಿಂಗಡಿಸಿ ಕೇಳಿ. ಇದಕ್ಕೆ ಸುಲಭದ ದಾರಿ, ಖಚಿತವಾದ ಪ್ರಶ್ನೆ. "ಆ ಬೆಲ್ಟಿಂದು ಹಣೆಬರಹಾನೇ ಹಿಂಗ" ಎಂದರೆ ಹೌದೆನ್ನಬೇಡಿ, ಅಲ್ಲವೆಂದು ವಾದಕ್ಕೂ ನಿಲ್ಲಬೇಡಿ. ಎಲ್ಲಿ, ಯಾವಾಗಿನಿಂದ ಎಂದು ಕೇಳಿ. ಬರಿಯ ಬೇಸರವಾಗಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಬೇಸರದ ಹಿಂದೆ ಬಾಕಿ ಸಂಬಳವೋ, ಮನೆಯ ಕಾಯಿಲೆಯೋ ಇರಬಹುದು. ಕೇಳಿಸಿಕೊಳ್ಳಿ, ಆದರೆ ದಿನವಿಡೀ ಅಲ್ಲ. ಚಹಾದ ಹೊತ್ತಿಗೆ ಬೇರೆ ಗೆಳೆಯರ ಜೊತೆಯೂ ಕೂಡಿ. ಮಾತು ಹೀಯಾಳಿಕೆಗೆ ತಿರುಗಿದರೆ ಮಾತ್ರ ಸಹಿಸುತ್ತ ಕೂರಬೇಡಿ, ಮೇಲ್ವಿಚಾರಕರಿಗೆ ತಿಳಿಸಿ.

ಸಂಗತಿಯಿದ್ದರೆ ಉತ್ತರ ಬಂದೇ ಬರುತ್ತದೆ.

"ಯಾವ ರೋಲರ್ ಕಾಕಾ? ಯಾವಾಗಿಂದ ಸಪ್ಪಳ ಬರ್ಲಾಕತ್ತದ್ರೀ?"

"ಮೂರನೇದು. ನಿನ್ನೆ ರಾತ್ರಿಯಿಂದ."

ಅದನ್ನು ಪಾಳಿಯ ಪುಸ್ತಕದಲ್ಲಿ ಬರೆಯಿರಿ. ಹೇಳಿದವರ ಹೆಸರನ್ನೂ, ಅವರನ್ನು ಕೇಳಿಯೇ, ಪಕ್ಕದಲ್ಲಿ ಬರೆಯಿರಿ.